ಮನೆ ಬದಲಾದರೆ ಹಸಿರು ಕಾರ್ಡು ಎಲ್ಲಿಗೆ?

ಅಮೆರಿಕದಲ್ಲಿ ನೆಲೆಸಲು ಹೋದ ವಿದೇಶೀಯರು ಹಸಿರು ಕಾರ್ಡಿಗಾಗಿ ಕಾಯುತ್ತಿರುವಾಗಲೇ ಬಾಡಿಗೆ ಮನೆ ಬದಲಿಸಬೇಕಾಗಿ ಬಂದರೆ? ಅಂಚೆ ಕಚೇರಿಗೆ ಹೊಸ ವಿಳಾಸ ಕೊಟ್ಟರೆ ಮಾಮೂಲಿ ಪತ್ರಗಳು ಹಿಂದೆಯೇ ಬರುತ್ತವೆ. ಹಸಿರು ಕಾರ್ಡು ಮಾತ್ರ ಹಾಗಲ್ಲ. ಕಳಿಸಿದ ಇಲಾಖೆಗೇ ಮರಳುತ್ತದೆ. 2018ರಲ್ಲಿ ಪ್ರಕಟವಾದ ನಿಯಮದಂತೆ, 60 ಕೆಲಸದ ದಿನಗಳೊಳಗೆ ಸರಿಯಾದ ವಿಳಾಸ ತಿಳಿಸದಿದ್ದರೆ ಅದನ್ನು ನಾಶಪಡಿಸಲಾಗುತ್ತದೆ.

ವಿಳಾಸಕ್ಕೆ ಇಷ್ಟು ಮಹತ್ವ ಬಂದದ್ದು ಎರಡನೆಯ ಮಹಾಯುದ್ಧದ ಭೀತಿಯಲ್ಲಿ. ದೇಶದಲ್ಲಿರುವ ವಿದೇಶೀಯರೆಲ್ಲ ಹೆಸರು ನೋಂದಾಯಿಸಬೇಕೆಂದು 1940ರ ಕಾಯಿದೆ ವಿಧಿಸಿತು. ನೋಂದಣಿ ನಡೆದದ್ದು ಅಂಚೆ ಕಚೇರಿಗಳಲ್ಲೇ. ಸುಮಾರು 50 ಲಕ್ಷ ಜನ ಹೆಸರು ಬರೆಸಿದರು. ರಸೀತಿ ಕಾರ್ಡು ಅವರಿಗೆ ಅಂಚೆಯಲ್ಲಿ ಬಂತು. ಮನೆ ಬದಲಿಸಿದವರು 5 ದಿನಗಳಲ್ಲಿ ಸರ್ಕಾರಕ್ಕೆ ತಿಳಿಸಬೇಕಿತ್ತು. 1952ರ ಕಾಯಿದೆ ಇದನ್ನು 10 ದಿನಕ್ಕೆ ಏರಿಸಿತು. ಆ ಗಡುವು ಇಂದಿಗೂ ಇದೆ. ತಪ್ಪಿದರೆ ದಂಡ, ಸೆರೆ, ಗಡೀಪಾರಿಗೂ ಅವಕಾಶವಿದೆ.

ಆದರೆ ಸರ್ಕಾರ ತನ್ನ ಪಾಲಿನ ಕೆಲಸ ಮಾಡಿತೇ? 2001ರ ಭಯೋತ್ಪಾದಕ ದಾಳಿಯ ನಂತರ ಈ ನಿಯಮವನ್ನು ಬಿಗಿಗೊಳಿಸಲು ಹೊರಟಾಗ, 2002ರಲ್ಲಿ, ಗುಟ್ಟು ಬಯಲಾಯಿತು. ವಲಸಿಗರು ಕಳಿಸಿದ್ದ ಲಕ್ಷಕ್ಕೂ ಹೆಚ್ಚು ವಿಳಾಸ ಪತ್ರಗಳು ಕ್ಯಾನ್ಸಸ್ ಸಿಟಿಯ ಬಳಿ, ನೆಲದಡಿಯ ಉಗ್ರಾಣವೊಂದರಲ್ಲಿ, ದಾಖಲಾಗದೆ ಬಿದ್ದಿದ್ದವು!

ತಿಳಿಸುವ ಹೊಣೆ ವಲಸಿಗನದು. ತಿಳಿಸಿದ್ದಕ್ಕೆ ರುಜುವಾತು ಕಾಯ್ದಿಡುವ ಪಾಡೂ ಅವನದೇ. ಅಲ್ಲಿರುವ ನಮ್ಮ ಕನ್ನಡಿಗರು ಪಾತ್ರೆಪಡಗ ಕಟ್ಟುವ ಮೊದಲು ಮಾಡಬೇಕಾದದ್ದು ಇಷ್ಟು: ಅಂಚೆಯವರಿಗಲ್ಲದೆ ವಲಸೆ ಇಲಾಖೆಗೂ ಪ್ರತ್ಯೇಕವಾಗಿ ತಿಳಿಸಿ, ಅದರ ರಸೀತಿಯನ್ನು ಜೋಪಾನ ಮಾಡುವುದು.