ಠಾಣೆಯ ನಗು, ಚರಿತ್ರೆಯ ಸಾಕ್ಷಿ

ಸೇವೆ ಮುಗಿಸಿದ ಪೊಲೀಸ್ ಅಧಿಕಾರಿಗಳು ಬರೆದ ನೆನಪುಗಳನ್ನು ನಾವು ಸಾಮಾನ್ಯವಾಗಿ ಹೊತ್ತು ಕಳೆಯಲೆಂದು ಓದುತ್ತೇವೆ. ಕಳ್ಳನನ್ನು ಬೆನ್ನಟ್ಟಿ ಹೋಗಿ ಕೆಸರಿಗೆ ಬಿದ್ದದ್ದು, ಮಂತ್ರಿಗಳ ಬಂದೋಬಸ್ತಿನಲ್ಲಿ ಊಟವಿಲ್ಲದೆ ನಿಂತದ್ದು, ಮೇಲಧಿಕಾರಿ ದಿಢೀರನೆ ತಪಾಸಣೆಗೆ ಬಂದಾಗ ಠಾಣೆಯಲ್ಲಿ ಆದ ಫಜೀತಿ ಇವೆಲ್ಲ ಅಲ್ಲಿರುತ್ತವೆ. ಓದುಗ ನಕ್ಕು ಪುಟ ತಿರುವುತ್ತಾನೆ. ಇತಿಹಾಸ ಬರೆಯುವವರಂತೂ ಅತ್ತ ತಲೆಹಾಕುವುದೇ ಕಡಿಮೆ. ಅವರಿಗೆ ಬೇಕಾದದ್ದು ಸರಕಾರಿ ಆದೇಶ, ಆಯೋಗದ ವರದಿ, ನ್ಯಾಯಾಲಯದ ತೀರ್ಪು. ಪೊಲೀಸರ ಇತಿಹಾಸವನ್ನು ತಿಳಿಯಬೇಕಾದರೆ ಈ ನೆನಪುಗಳು ಆ ವರದಿಗಳಷ್ಟೇ ಮುಖ್ಯ ಎಂಬುದು ನನ್ನ ವಾದ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇನೆ: ಅವುಗಳಲ್ಲಿ ಹೆಚ್ಚು ನಂಬಬಹುದಾದ ಭಾಗ ಸಾಹಸದ್ದಲ್ಲ, ನಗೆಯದ್ದು. ಸಾಹಸದ ಕಥೆ ಹೇಳುವಾಗ ಅಧಿಕಾರಿಗೆ ತನ್ನ ಹೆಸರಿನ ಚಿಂತೆ ಇರುತ್ತದೆ. ನಗಿಸುವಾಗ ಆ ಎಚ್ಚರ ಸಡಿಲವಾಗಿ, ವ್ಯವಸ್ಥೆ ನಿಜವಾಗಿ ಹೇಗೆ ನಡೆಯುತ್ತಿತ್ತು ಎಂಬುದು ಅವನ ಬಾಯಿಂದಲೇ ಹೊರಬರುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ ಕರ್ನಾಟಕದ ನಂಟಿದ್ದ ಒಬ್ಬ ಅಧಿಕಾರಿಯದೇ ಇದೆ. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್, ಅದಕ್ಕೂ ಮೊದಲು, ಇಪ್ಪತ್ತು ತುಂಬುವ ಮುನ್ನವೇ, ನಿಜಾಮನ ರಾಜ್ಯದ ನೈಋತ್ಯ ಭಾಗದಲ್ಲಿ ಸಹಾಯಕ ಪೊಲೀಸ್ ಸೂಪರಿಂಟೆಂಡೆಂಟ್ ಆಗಿದ್ದವನು. ಅವನ ಆತ್ಮಕಥೆ ಅವನು ತೀರಿಕೊಂಡ ಮರುವರ್ಷ, 1877ರಲ್ಲಿ ಅಚ್ಚಾಯಿತು. ಹಿಟ್ಟಿಗೆ ಮರಳು ಬೆರೆಸಿ ಮಾರುತ್ತಿದ್ದ ವ್ಯಾಪಾರಿಗಳಿಗೆ ಅವರದೇ ಹಿಟ್ಟನ್ನು ತಿನ್ನುವ ಶಿಕ್ಷೆ ಕೊಟ್ಟ ಪ್ರಸಂಗ ಅದರಲ್ಲಿದೆ. ಜನ ಬಿದ್ದು ಬಿದ್ದು ನಕ್ಕರು, ಸಾಹೇಬನ ಹೆಸರು ಆ ಸೀಮೆಯಲ್ಲೆಲ್ಲ ಹಬ್ಬಿತು. ನಗೆಯ ಹಿಂದೆ ಏನಿದೆ ನೋಡಿ. ದೂರು ಕೇಳಿದವನು, ತಪ್ಪು ನಿರ್ಧರಿಸಿದವನು, ಶಿಕ್ಷೆ ಕೊಟ್ಟವನು, ಅದನ್ನು ಎದುರಲ್ಲೇ ನಿಂತು ಜಾರಿ ಮಾಡಿಸಿದವನು, ನಾಲ್ವರೂ ಒಬ್ಬನೇ. ಪೊಲೀಸ್ ಮತ್ತು ನ್ಯಾಯಾಧಿಕಾರ ಒಂದೇ ಕೈಯಲ್ಲಿದ್ದ ಆಡಳಿತ ಎಂದು ಪಠ್ಯಪುಸ್ತಕ ಒಂದು ಸಾಲಿನಲ್ಲಿ ಹೇಳುವುದನ್ನು ಈ ಪ್ರಸಂಗ ಕಣ್ಣಿಗೆ ಕಟ್ಟಿಸುತ್ತದೆ. ಜನಕ್ಕೆ ಅದು ಯಾಕೆ ಪ್ರಿಯವಾಗಿತ್ತು ಎಂಬುದನ್ನೂ ತೋರಿಸುತ್ತದೆ: ತೀರ್ಮಾನ ಅಂದೇ ಆಗುತ್ತಿತ್ತು, ವಕೀಲರ ಖರ್ಚಿರಲಿಲ್ಲ, ನ್ಯಾಯ ಎಲ್ಲರ ಎದುರೇ ನಡೆಯುತ್ತಿತ್ತು. ಇಂದಿಗೂ ಠಾಣೆಯ ಕಟ್ಟೆಯ ಮೇಲೆ ರಾಜಿ ಪಂಚಾಯಿತಿ ಮಾಡಿಸಿಕೊಳ್ಳಲು ಜನ ಬರುವುದು ಇದೇ ಕಾರಣಕ್ಕೆ.

ಅದೇ ಟೇಲರ್ 1839ರಲ್ಲಿ ಪ್ರಕಟಿಸಿದ ಠಕ್ಕರ ಕುರಿತ ಕಾದಂಬರಿಯ ಪೀಠಿಕೆಯಲ್ಲಿ ಇನ್ನೂ ಗಟ್ಟಿಯಾದ ಸಾಕ್ಷಿಯಿದೆ. ಅವನು ಹಿಂಗೋಲಿಯ ದಂಡಿನಲ್ಲಿದ್ದಾಗ ಹರಿಸಿಂಗ ಎಂಬ ವರ್ತಕ ಊರಿಗೆಲ್ಲ ಬೇಕಾದವನಾಗಿದ್ದ. ಟೇಲರನೂ ಅವನ ಗಿರಾಕಿಯೇ. ಮುಂಬಯಿಯಿಂದ ಬಟ್ಟೆ ತರಿಸಲು ರಹದಾರಿ ಬೇಕೆಂದು ಅವನು ಕೇಳಿದ, ಟೇಲರ್ ಬರೆದುಕೊಟ್ಟ. ಆ ಬಟ್ಟೆ ಬೇರೊಬ್ಬ ವ್ಯಾಪಾರಿಯದು. ದಾರಿಯಲ್ಲಿ ಅವನನ್ನೂ ಅವನ ಆಳುಗಳನ್ನೂ ಕೊಂದು, ಸಾಹೇಬರ ರಹದಾರಿಯನ್ನೇ ತೋರಿಸಿ ಸರಕನ್ನು ಹಿಂಗೋಲಿಗೆ ಸಾಗಿಸಿ, ದಂಡಿನ ಪೇಟೆಯಲ್ಲೇ ಬಹಿರಂಗವಾಗಿ ಮಾರಲಾಯಿತು. ಕೊಲೆಗಾರನಿಗೆ ಕಾಗದಪತ್ರ ಒದಗಿಸಿಕೊಟ್ಟವನು ಸರಕಾರದ ಅಧಿಕಾರಿ. ಈ ಮಾತನ್ನು ಯಾವ ಅಧಿಕಾರಿ ತನ್ನ ಮೇಲಿನವರಿಗೆ ಕಳಿಸುವ ವರದಿಯಲ್ಲಿ ಇಷ್ಟು ಬಿಚ್ಚಿ ಬರೆದಾನು? ಓದುಗರಿಗೆಂದು ಬರೆಯುವಾಗ ಅದೊಂದು ಒಳ್ಳೆಯ ಕಥೆ ಎನಿಸಿದ್ದರಿಂದಲೇ ಅದು ಉಳಿಯಿತು. ಬಂಗಾಳದಲ್ಲೂ ಹೀಗೇ ಆಯಿತು. 1793ರ ಕಾರ್ನ್‌ವಾಲಿಸ್ ನಿಯಮಗಳು ದಾರೋಗಾ ಎಂಬ ಠಾಣಾಧಿಕಾರಿಯನ್ನು ನೇಮಿಸಿ, ಸಂಬಳದ ಜತೆಗೆ ಪತ್ತೆಯಾದ ಕಳವು ಮಾಲಿನ ಬೆಲೆಯಲ್ಲಿ ನೂರಕ್ಕೆ ಹತ್ತರಷ್ಟು, ಶಿಕ್ಷೆಯಾದ ಪ್ರತಿ ಡಕಾಯಿತನಿಗೆ 10 ರೂಪಾಯಿ ಇನಾಮು ಗೊತ್ತುಮಾಡಿದ್ದವು. ಆ ವ್ಯವಸ್ಥೆ 1861ರ ಪೊಲೀಸ್ ಕಾಯ್ದೆಯೊಂದಿಗೆ ಹೋಯಿತು. ಅದರ ಒಳಗಿನ ಬದುಕು ಹೇಗಿತ್ತೆಂದು ತಿಳಿಯಲು ಸಂಶೋಧಕರು ಇಂದಿಗೂ ಕೈಗೆತ್ತಿಕೊಳ್ಳುವುದು ಗಿರೀಶಚಂದ್ರ ಬಸು ಎಂಬ ಮಾಜಿ ದಾರೋಗಾ 1888ರಲ್ಲಿ ಬಂಗಾಳಿಯಲ್ಲಿ ಪ್ರಕಟಿಸಿದ ನೆನಪುಗಳನ್ನು.

ಠಾಣೆಯ ಕಾಗದಗಳೇ ಇರುವಾಗ ಮುದುಕರ ನೆನಪು ಯಾಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಪೊಲೀಸರ ಕಾಗದವನ್ನು ಮೊದಲು ಅನುಮಾನಿಸಿದ್ದು ಇತಿಹಾಸಕಾರರಲ್ಲ, ಕಾನೂನು. ಮದ್ರಾಸ್ ಪ್ರಾಂತದಲ್ಲಿ 1816ರಿಂದ ತಹಸೀಲ್ದಾರರಿಗೇ ಪೊಲೀಸ್ ಅಧಿಕಾರವೂ ಇತ್ತು. ಬಳ್ಳಾರಿ, ಕೆನರಾ ಜಿಲ್ಲೆಗಳೂ ಆ ಪ್ರಾಂತಕ್ಕೇ ಸೇರಿದ್ದವು. 1854ರಲ್ಲಿ ಅಲ್ಲಿನ ಚಿತ್ರಹಿಂಸೆಯ ವಿಚಾರಣೆಗೆ ನೇಮಕವಾದ ಆಯೋಗ, ಬೆರಳುಗಳನ್ನು ಎರಡು ಮರದ ಪಟ್ಟಿಗಳ ನಡುವೆ ಹಿಂಡುವ ಕಿಟ್ಟಿ, ತಲೆಯನ್ನು ಕಾಲಿನವರೆಗೆ ಬಗ್ಗಿಸಿ ಕಟ್ಟಿ ಬಿಸಿಲಿನಲ್ಲಿ ನಿಲ್ಲಿಸುವ ಶಿಕ್ಷೆ, ಇವೆಲ್ಲ ಕಂದಾಯ ವಸೂಲಿಗೂ ತಪ್ಪೊಪ್ಪಿಗೆಗೂ ಬಳಕೆಯಲ್ಲಿದ್ದುದನ್ನು ದಾಖಲಿಸಿತು. ಮುಂದೆ 1872ರ ಸಾಕ್ಷ್ಯ ಕಾಯ್ದೆಯ 25ನೆಯ ಕಲಮು, ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ ಎಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಅಧಿನಿಯಮದಲ್ಲೂ ಆ ನಿಯಮ ಹಾಗೆಯೇ ಉಳಿದಿದೆ. ಸಾಕ್ಷಿಗಳು ಪೊಲೀಸರಿಗೆ ಕೊಟ್ಟ ಹೇಳಿಕೆಗೆ ಅವರ ಸಹಿ ತೆಗೆದುಕೊಳ್ಳುವಂತಿಲ್ಲ. ತನಿಖೆಯ ದಿನದಿನದ ವಿವರವಿರುವ ಕೇಸ್ ಡೈರಿಯನ್ನು ನ್ಯಾಯಾಲಯ ತರಿಸಿ ನೋಡಬಹುದು, ಆರೋಪಿ ಕೇಳುವಂತಿಲ್ಲ. ಸಂಶೋಧಕನ ಕೈಗೆ ಅದು ಎಟಕುವ ಮಾತು ದೂರವೇ ಉಳಿಯಿತು. ಇನ್ನು ಮಹಜರು. ಬೀದರಿನ ಕಳವಾಗಲಿ ಚಾಮರಾಜನಗರದ್ದಾಗಲಿ, ಠಾಣೆಯ ರೈಟರ್ ಬರೆಯುವ ಒಕ್ಕಣೆ ಒಂದೇ: ಪಂಚರ ಹೆಸರು, ಚೆಕ್ಕುಬಂದಿ, ಮುರಿದ ಬೀಗ, ಕೊನೆಗೆ ಸಹಿ. ಪಂಚರು ಹೇಗೆ ಸಿಕ್ಕರು, ದೂರು ಕೊಟ್ಟವರು ಎಷ್ಟು ಹೊತ್ತು ಬೆಂಚಿನ ಮೇಲೆ ಕಾದರು, ಯಾರ ಫೋನು ಬಂದ ಮೇಲೆ ಕೆಲಸ ಚುರುಕಾಯಿತು, ಇವು ಅದರಲ್ಲಿ ಇರುವುದಿಲ್ಲ. ಇರಲೂ ಬಾರದು, ಅದು ನ್ಯಾಯಾಲಯಕ್ಕೆಂದು ತಯಾರಾಗುವ ಕಾಗದ. ಕಾಗದ ಬಿಟ್ಟ ಜಾಗವನ್ನು ತುಂಬುವುದು ನೆನಪೇ.

ನಿವೃತ್ತ ಪೊಲೀಸರು ಕೂತಲ್ಲೆಲ್ಲ ಕೇಳಿಬರುವ ಒಂದು ಕಥೆಯನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡಬೇಕು. ಎರಡು ಠಾಣೆಗಳ ಸರಹದ್ದಿನ ಹಳ್ಳದಲ್ಲಿ ಒಂದು ಹೆಣ ತೇಲಿ ಬರುತ್ತದೆ. ಈಚೆ ದಡದ ಠಾಣೆಯವರು ಅದನ್ನು ರಾತ್ರೋರಾತ್ರಿ ಆಚೆ ದಡಕ್ಕೆ ನೂಕುತ್ತಾರೆ. ಬೆಳಗಾಗುವಷ್ಟರಲ್ಲಿ ಆಚೆಯವರು ಮತ್ತೆ ಈಚೆಗೆ ತಂದಿಟ್ಟಿರುತ್ತಾರೆ. ಊರು ಬದಲಾದಂತೆ ಹೊಳೆಯ ಹೆಸರು ಬದಲಾಗುತ್ತದೆ, ಹೊಳೆಯ ಬದಲು ರೈಲು ಹಳಿ ಬರುತ್ತದೆ, ಕಥೆ ಒಂದೇ. ಹೇಳುವವರೂ ನಗುತ್ತಾರೆ, ಕೇಳುವವರೂ ನಗುತ್ತಾರೆ. ಪ್ರತಿಯೊಂದು ಕಥೆಯೂ ಹೇಳಿದಂತೆಯೇ ನಡೆದಿತ್ತೇ ಎಂಬುದು ನನಗೆ ಮುಖ್ಯವಲ್ಲ. ಇಷ್ಟು ಜಿಲ್ಲೆಗಳಲ್ಲಿ, ಇಷ್ಟು ವರ್ಷ, ಇದೊಂದೇ ಕಥೆ ಯಾಕೆ ನಿಂತಿತು ಎಂಬುದು ಮುಖ್ಯ. ದಾಖಲಾದ ಪ್ರಕರಣಗಳ ಸಂಖ್ಯೆ ನೋಡಿ ಠಾಣಾಧಿಕಾರಿಯ ಯೋಗ್ಯತೆ ಅಳೆಯುವ ಪದ್ಧತಿಯಲ್ಲಿ, ಪತ್ತೆಯಾಗುವ ಭರವಸೆಯಿಲ್ಲದ ಪ್ರಕರಣ ಯಾರಿಗೂ ಬೇಡ. 1977ರಲ್ಲಿ ನೇಮಕವಾದ ರಾಷ್ಟ್ರೀಯ ಪೊಲೀಸ್ ಆಯೋಗ, ದೂರುಗಳನ್ನು ದಾಖಲಿಸದೆ ಸಾಗಹಾಕುವ ಈ ರೋಗವನ್ನು ಗುರುತಿಸಿತ್ತು. ಅದರ ಅಧ್ಯಕ್ಷರು ಹಿಂದೆ ನಮ್ಮ ರಾಜ್ಯದ ರಾಜ್ಯಪಾಲರಾಗಿದ್ದ ಧರ್ಮವೀರ. ವಾರಂಟಿಲ್ಲದೆ ಬಂಧಿಸಬಹುದಾದ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಲು 2013ರವರೆಗೆ ಕಾಯಬೇಕಾಯಿತು. ಸರಹದ್ದು ಯಾವುದೇ ಆಗಿರಲಿ ದೂರು ತೆಗೆದುಕೊಳ್ಳಬೇಕೆಂಬ ಮಾತು ಕ್ರಿಮಿನಲ್ ಪ್ರಕ್ರಿಯೆಯ ಕಾನೂನಿನ ಒಳಗೇ ಸೇರಿದ್ದು 2024ರಲ್ಲಿ ಜಾರಿಯಾದ ಹೊಸ ಸಂಹಿತೆಯಿಂದ. ದೇಶದ ಕಾನೂನು ಕೊನೆಗೂ ಮದ್ದು ಹುಡುಕಿದ ಕಾಯಿಲೆಯನ್ನು ಪೇದೆಗಳ ಹರಟೆ ಅದಕ್ಕೂ ಎಷ್ಟೋ ಮೊದಲೇ ಹೆಸರು ಹಿಡಿದು ಹೇಳುತ್ತಿತ್ತು. ಅಂದಂದಿನ ಅಪರಾಧ ಅಂಕಿಅಂಶಗಳನ್ನಷ್ಟೇ ನಂಬಿದ ಇತಿಹಾಸಕಾರ, ಪ್ರಕರಣ ಕಡಿಮೆಯಿದ್ದ ಠಾಣೆಯನ್ನು ಶಾಂತಿಯ ಠಾಣೆ ಎಂದು ಬರೆದುಬಿಡುತ್ತಾನೆ.

ನೆನಪುಗಳಲ್ಲಿ ಉತ್ಪ್ರೇಕ್ಷೆ ಇರುತ್ತದೆ ಎಂಬ ಆಕ್ಷೇಪವನ್ನು ಬೇಗ ಮುಗಿಸಬಹುದು. ಇರುತ್ತದೆ, ನಿಜ. ಪ್ಯಾರಿಸ್ಸಿನ ಪತ್ತೇದಾರಿ ವಿಭಾಗದ ಮೊದಲ ಮುಖ್ಯಸ್ಥ ವಿಡಾಕನ ಹೆಸರಿನಲ್ಲಿ 1828ರಲ್ಲಿ ಬಂದ ನೆನಪುಗಳಿಗೆ ಪ್ರಕಾಶಕರು ಬಾಡಿಗೆ ಬರಹಗಾರರಿಂದ ಮಸಾಲೆ ಹಾಕಿಸಿದ್ದರು, ಅದನ್ನು ಅವನೇ ದೂರಿದ್ದ. ಆದರೆ ಉತ್ಪ್ರೇಕ್ಷೆಗೆ ಒಂದು ದಿಕ್ಕಿರುತ್ತದೆ. ಅದು ನಾಯಕನನ್ನು ದೊಡ್ಡದು ಮಾಡುತ್ತದೆ. ಅವನು ಸಣ್ಣವನಾಗಿ ಕಾಣುವ ಕಡೆ, ಹಿಂಗೋಲಿಯ ರಹದಾರಿಯಂಥ ಕಡೆ, ಸುಳ್ಳು ಹೇಳಿ ಅವನಿಗೆ ದಕ್ಕುವ ಲಾಭ ಕಡಿಮೆ.

ನಿಜವಾಗಿ ನೋಯಿಸುವ ಆಕ್ಷೇಪ ಬೇರೆಯಿದೆ: ಪೊಲೀಸರ ನಗೆ ಬಹಳ ಸಲ ಲಾಠಿಯ ಕೆಳಗಿದ್ದವರ ಮೇಲಿನ ನಗೆ. ಟೇಲರನ ಠಕ್ಕರ ಕಥೆಗೆ ಆಧಾರವಾದದ್ದು ಮಾಫಿ ಸಾಕ್ಷಿಗಳ ಹೇಳಿಕೆ, ಜೀವ ಉಳಿಸಿಕೊಳ್ಳಲು ಬಾಯಿ ಬಿಟ್ಟವರ ಮಾತು. 1836ರ ಕಾಯ್ದೆ ಠಕ್ಕರ ಗುಂಪಿಗೆ ಸೇರಿದ್ದೇ ಜೀವಾವಧಿ ಶಿಕ್ಷೆಗೆ ಸಾಕು ಎಂದಿತು. ಅದೇ ಬುದ್ಧಿ ಬೆಳೆದು 1871ರಲ್ಲಿ ಇಡೀ ಜಾತಿಗಳನ್ನೇ ಅಪರಾಧಿ ಬುಡಕಟ್ಟುಗಳೆಂದು ಪಟ್ಟಿ ಮಾಡುವ ಕಾನೂನಾಯಿತು. ಹುಟ್ಟಿದ್ದಕ್ಕೇ ಹಾಜರಿ ಹಾಕಬೇಕಾದ, ಊರು ಬಿಡಲು ಚೀಟಿ ಬೇಕಾದ ಬದುಕು ಅದು. ಹುಬ್ಬಳ್ಳಿಯಲ್ಲಿ ಅಂಥವರನ್ನು ಬೇಲಿಯೊಳಗೆ ಇಟ್ಟಿದ್ದ ಜಾಗಕ್ಕೆ ಸೆಟ್ಲಮೆಂಟ್ ಎಂಬ ಹೆಸರು ಇಂದಿಗೂ ಉಳಿದಿದೆ. ಆ ಕಾನೂನು 1952ರಲ್ಲಿ ರದ್ದಾಯಿತಾದರೂ ಅದು ಕಲಿಸಿದ ನೋಟ ಠಾಣೆಗಳಲ್ಲಿ ರದ್ದಾಗಲಿಲ್ಲ. ಅನೇಕ ನೆನಪುಗಳಲ್ಲಿ ಈ ಸಮುದಾಯಗಳ ಜನ ಬರುವುದು ನಗೆಪಾಟಲಿನ ಪಾತ್ರಗಳಾಗಿಯೇ. ಅದನ್ನು ಓದುವಾಗ ನಗು ಬರಬಾರದು, ಬರೆದವರನ್ನು ಸಮರ್ಥಿಸಲೂಬಾರದು.

ಹಾಗೆಂದು ಪುಸ್ತಕವನ್ನು ಪಕ್ಕಕ್ಕಿಡುವುದೂ ಸರಿಯಲ್ಲ. ನಗು ಯಾರ ಕಡೆಗೆ ತಿರುಗಿದೆ ಎಂದು ಮೊದಲು ಕೇಳಬೇಕು. ಮೇಲಧಿಕಾರಿ, ನಿಯಮ, ತಾನು ತೊಟ್ಟ ಸಮವಸ್ತ್ರ, ಇವುಗಳ ಮೇಲಿನ ನಗೆ ಇಲಾಖೆಯ ನಡೆವಳಿಕೆಗೆ ಸಾಕ್ಷಿ. ಹಿಡಿದು ತಂದವನ ಮೇಲಿನ ನಗೆ ಹಿಡಿದವನ ಮನಸ್ಸಿಗೆ ಸಾಕ್ಷಿ. ಹಿಡಿಸಿಕೊಂಡವನ ಬಗ್ಗೆ ಅದು ಏನನ್ನೂ ಸಾಬೀತು ಮಾಡುವುದಿಲ್ಲ. ಎರಡನೆಯ ಸಾಕ್ಷಿ ಇಲ್ಲದೆ ಈ ಸಮುದಾಯಗಳಿಗೆ ಆದ ಅನ್ಯಾಯದ ಇತಿಹಾಸವನ್ನು ಪೂರ್ತಿ ಬರೆಯಲಾಗದು. ಸರಕಾರಿ ಆದೇಶದಲ್ಲಿ ತಿರಸ್ಕಾರವನ್ನು ಮರೆಮಾಚಬಹುದು, ಹಾಸ್ಯದಲ್ಲಿ ಮರೆಮಾಚಲಾಗುವುದಿಲ್ಲ.

ಕನ್ನಡದ ಮಟ್ಟಿಗೆ ಕೊರತೆ ಇನ್ನೊಂದಿದೆ. ಕಳೆದ ಕೆಲವು ದಶಕಗಳಲ್ಲಿ ಇಂಥ ಅಂಕಣಗಳೂ ಪುಸ್ತಕಗಳೂ ಸಾಕಷ್ಟು ಬಂದಿವೆ, ಆದರೆ ಬರೆದವರಲ್ಲಿ ಬಹುಪಾಲು ಸಬ್ ಇನ್‌ಸ್ಪೆಕ್ಟರಿನಿಂದ ಮೇಲಿನವರು. ಇಲಾಖೆಯಲ್ಲಿ ಹೆಚ್ಚು ಮಂದಿ ಇರುವುದು ಅದರ ಕೆಳಗೆ. ರಾತ್ರಿ ಬೀಟು ತಿರುಗಿದವರು, ಸಮನ್ಸು ಹಿಡಿದು ಹಳ್ಳಿಹಳ್ಳಿ ಸೈಕಲ್ ತುಳಿದವರು, ಹೆಣ ಕಾಯ್ದವರು ಪೇದೆಗಳು ಮತ್ತು ದಫೇದಾರರು. ಕರ್ನಾಟಕಕ್ಕೇ ವಿಶೇಷವಾದ ಒಂದು ಸಂಗತಿಯಂತೂ ಅವರ ಬಾಯಲ್ಲೇ ಉಳಿದಿದೆ. 1956ರಲ್ಲಿ ಮೈಸೂರು, ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗು ಎಂಬ ಐದು ಆಡಳಿತಗಳ ಪೊಲೀಸರು ಒಂದೇ ಇಲಾಖೆಯಾದರು. ಧಾರವಾಡದ ಕಡೆಯವರು 1867ರ ಮುಂಬಯಿ ಕಾಯ್ದೆಯಂತೆ ಪೊಲೀಸ್ ಪಾಟೀಲನನ್ನು ಕರೆಸಿ ಹಳ್ಳಿಯ ಸುದ್ದಿ ಕೇಳುತ್ತಿದ್ದವರು. ಕಲಬುರಗಿಯ ಕಡೆಯವರು ಉರ್ದು ದಫ್ತರಗಳಲ್ಲಿ ಪಳಗಿದವರು. ಮಂಗಳೂರಿನವರು 1859ರ ಮದ್ರಾಸ್ ಕಾಯ್ದೆಯ ಕೆಳಗೆ ಬಂದವರು. ಎಲ್ಲರಿಗೂ ಅನ್ವಯಿಸುವ ಪೊಲೀಸ್ ಕಾಯ್ದೆ ರೂಪುಗೊಂಡದ್ದು 1963ರಲ್ಲಿ. ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಬಂದು ಪಟೇಲ, ತಳವಾರರ ಪರಂಪರೆಯ ಹುದ್ದೆಗಳು ಹೋದದ್ದೂ ಆ ವರ್ಷಗಳಲ್ಲೇ. ಈ ನಡುವಿನ ಕಾಲದಲ್ಲಿ ಒಬ್ಬರ ಕ್ರಮ ಇನ್ನೊಬ್ಬರಿಗೆ ಹೇಗೆ ಕಂಡಿತು, ಯಾರ ಪದ್ಧತಿ ಗೆದ್ದಿತು, ತಳವಾರನಿಲ್ಲದ ಹಳ್ಳಿಯಲ್ಲಿ ಸುದ್ದಿ ಎಲ್ಲಿಂದ ಸಿಕ್ಕಿತು ಎಂಬುದಕ್ಕೆ ಗೆಜೆಟ್ಟಿನಲ್ಲಿ ಉತ್ತರ ಸಿಗುವುದಿಲ್ಲ.

1956ರಲ್ಲಿ ಇಪ್ಪತ್ತರ ಹರೆಯದಲ್ಲಿ ಪೇದೆಯಾಗಿ ಸೇರಿದವರಿಗೆ ಈಗ ತೊಂಬತ್ತರ ಆಸುಪಾಸು. ಅವರ ಹಿಂದಿನ ತಲೆಮಾರಿನವರು ಹೋಗಿಯಾಯಿತು. ನಮ್ಮ ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳು ಜಿಲ್ಲೆಗೆ ಒಬ್ಬ ವಿದ್ಯಾರ್ಥಿಯನ್ನು ನಿವೃತ್ತ ದಫೇದಾರರ, ಜಮಾದಾರರ ಮನೆಗಳಿಗೆ ಧ್ವನಿಮುದ್ರಣಕ್ಕೆ ಕಳಿಸಲಿ. ಸೆಟ್ಲಮೆಂಟಿನಲ್ಲಿ ಹುಟ್ಟಿದ ಹಿರಿಯರ ಮನೆಗಳಿಗೂ ಕಳಿಸಲಿ. ಎರಡೂ ಕಡೆಯ ಮಾತುಗಳು ರಾಜ್ಯ ಪತ್ರಾಗಾರದಲ್ಲಿ ಅಕ್ಕಪಕ್ಕ ಸೇರಲಿ. ಇದಕ್ಕೆ ಬೇಕಾದ ಖರ್ಚು ದೊಡ್ಡದಲ್ಲ, ಸಮಯ ಮಾತ್ರ ಹೆಚ್ಚಿಲ್ಲ.