ವಿಮ್ ಸಂಪಾದಕದಲ್ಲಿ ಕೋಡ್‌ಪೂರಣ

ಪ್ರೋಗ್ರಾಮು ಬರೆಯುವವರು ಒಂದು ಹೆಸರಿನ ಮೊದಲ ಎರಡು ಮೂರು ಅಕ್ಷರಗಳನ್ನು ಒತ್ತುತ್ತಲೇ, ಸಂಭವನೀಯ ರೂಪಗಳನ್ನೆಲ್ಲ ಸಂಪಾದಕವೇ ಪಟ್ಟಿಮಾಡಿ ಮುಂದಿಡುವ ಸೌಕರ್ಯಕ್ಕೆ ಕೋಡ್‌ಪೂರಣವೆಂದು ಹೆಸರು. ಬಿಲ್ ಜಾಯ್ 1976ರಲ್ಲಿ ಬರ್ಕ್ಲಿಯಲ್ಲಿ ರಚಿಸಿದ ವಿಐ ಸಂಪಾದಕವನ್ನು ಅನುಸರಿಸಿ ನೆದರ್‌ಲೆಂಡ್ಸಿನ ಬ್ರಾಮ್ ಮೂಲೆನಾರ್ ಅಮಿಗ ಗಣಕಕ್ಕಾಗಿ ಸಿದ್ಧಪಡಿಸಿ 1991ರಲ್ಲಿ ಪ್ರಕಟಿಸಿದ ವಿಮ್, ಇಂದು ಲಿನಕ್ಸ್, ಮ್ಯಾಕ್, ವಿಂಡೋಸ್ ಎಂಬ ಮೂರು ವ್ಯವಸ್ಥೆಗಳಲ್ಲಿಯೂ ನಡೆಯತಕ್ಕದ್ದಾದುದರಿಂದ, ಈ ಸೌಕರ್ಯದಲ್ಲಿ ಸಂಪಾದಕಕ್ಕೆ ಸೇರಿದುದೆಷ್ಟು, ಅದರ ಕೆಳಗಿರುವ ವ್ಯವಸ್ಥೆಗೆ ಸೇರಿದುದೆಷ್ಟು ಎಂಬ ವಿವೇಚನೆಗೆ ಅದು ಉತ್ತಮ ನಿದರ್ಶನ.

ವಿಮ್ ತನ್ನೊಳಗೇ ಹೊಂದಿರುವ ಪೂರಣಶಕ್ತಿ ಸಾಮಾನ್ಯವಾಗಿ ಭಾವಿಸುವುದಕ್ಕಿಂತ ದೊಡ್ಡದು. ಬರೆಯುತ್ತಿರುವಾಗ ಕಂಟ್ರೋಲ್-ಎನ್ ಒತ್ತಿದರೆ ಅದು ಎದುರಿಗಿರುವ ಕಡತವನ್ನೂ, ತೆರೆದಿರುವ ಇತರ ಕಡತಗಳನ್ನೂ, ಸಿಟ್ಯಾಗ್ಸ್ ಎಂಬ ಉಪಕರಣ ನಿರ್ಮಿಸಿದ ಹೆಸರುಗಳ ಸೂಚಿಯನ್ನೂ ಶೋಧಿಸಿ ಪದಗಳನ್ನು ತಂದುಕೊಡುತ್ತದೆ. 2006ರ ಏಳನೆಯ ಆವೃತ್ತಿಯಲ್ಲಿ ಸೇರಿದ, ಕಂಟ್ರೋಲ್-ಎಕ್ಸ್ ಮತ್ತು ಕಂಟ್ರೋಲ್-ಓ ಕೀಲಿಗಳಿಂದ ಎಚ್ಚರಗೊಳ್ಳುವ ಓಮ್ನಿ ಪೂರಣವಾದರೋ ಆಯಾ ಭಾಷೆಯ ರಚನೆಯನ್ನೇ ಗಮನಿಸಿ ಉತ್ತರಿಸುತ್ತದೆ. ಇವು ಬಹುಮಟ್ಟಿಗೆ ಎಲ್ಲ ವ್ಯವಸ್ಥೆಗಳಲ್ಲಿಯೂ ಒಂದೇ ತೆರನಾಗಿ ನಡೆಯುವುದರಿಂದ, ಹೊಸಬರು ಇವನ್ನು ಕಡೆಗಣಿಸಿ ನೇರವಾಗಿ ಪ್ಲಗಿನ್‌ಗಳಿಗೆ ಮೊರೆಹೋಗುವುದು ವಿಷಾದಕರ.

ಮೈಕ್ರೋಸಾಫ್ಟ್ ಸಂಸ್ಥೆ ರೆಡ್ ಹ್ಯಾಟ್ ಮತ್ತು ಕೋಡೆನ್ವಿಗಳೊಡಗೂಡಿ 2016ರಲ್ಲಿ ಪ್ರಕಟಿಸಿದ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್, ಪೂರಣಶಕ್ತಿ ಸಂಪಾದಕದೊಳಗೇ ಇರುವ ಈ ಪರಿಸ್ಥಿತಿಯನ್ನು ಮಾರ್ಪಡಿಸಿತು. ಭಾಷೆಯ ಜ್ಞಾನವೆಲ್ಲ ಸರ್ವರ್ ಎಂಬ ಪ್ರತ್ಯೇಕ ಪ್ರೋಗ್ರಾಮಿನಲ್ಲಿದ್ದು, ಸಂಪಾದಕವು ಕೇವಲ ಪ್ರಶ್ನಿಸಿ ಉತ್ತರವನ್ನು ತೋರಿಸುವ ಈ ಏರ್ಪಾಟಿನಿಂದ, ಸಿ++ ಭಾಷೆಗೆ ಕ್ಲಾಂಗ್‌ಡಿ, ಗೋ ಭಾಷೆಗೆ ಗೋಪ್ಲ್ಸ್ ಎಂಬಂತೆ ಒಂದೇ ಸರ್ವರು ಅನೇಕ ಸಂಪಾದಕಗಳಿಗೆ ಒದಗುವಂತಾದುದು ಮಹೋಪಕಾರವೇ ಸರಿ. ವಿಮ್‌ನಿಂದ ಕವಲೊಡೆದ ನಿಯೋವಿಮ್ 2021ರಲ್ಲಿ ಇದನ್ನು ತನ್ನೊಳಗೇ ಅಳವಡಿಸಿಕೊಂಡಿತು; ವಿಮ್‌ಗೆ ಪ್ಲಗಿನ್ ಬೇಕು. ಆದರೆ ಪೂರಣದ ಬುದ್ಧಿಯು ಸಂಪಾದಕದ ಹೊರಗೆ ನೆಲೆಸಿದೊಡನೆ ಅದು ವ್ಯವಸ್ಥೆಯ ಅಧೀನವೂ ಆಯಿತು. ಮ್ಯಾಕಿನ ಡಾಕ್‌ನಿಂದ ತೆರೆದ ಸಂಪಾದಕಕ್ಕೆ ಶೆಲ್‌ನಲ್ಲಿ ಬರೆದಿಟ್ಟ ಪಾತ್, ಅಂದರೆ ಪ್ರೋಗ್ರಾಮುಗಳನ್ನು ಹುಡುಕಬೇಕಾದ ಫೋಲ್ಡರುಗಳ ಪಟ್ಟಿ, ಸಾಮಾನ್ಯವಾಗಿ ದೊರೆಯದಿರುವುದರಿಂದ, ಟರ್ಮಿನಲ್‌ನಲ್ಲಿ ಸಿಕ್ಕುತ್ತಿದ್ದ ಸರ್ವರು ಅಲ್ಲಿ ಕಾಣೆಯಾಗುವುದುಂಟು; ವಿಂಡೋಸಿನಲ್ಲಿ ಎನ್‌ಪಿಎಂ ಎಂಬ ಸ್ಥಾಪನಾ ಸಾಧನದ ಮೂಲಕ ಸ್ಥಾಪಿಸಿದ ಸರ್ವರುಗಳು ಸಿಎಂಡಿ ಎಂಬ ವಿಸ್ತರಣೆಯುಳ್ಳ ಕಡತಗಳಾಗಿರುವ ಕಾರಣ ಬರಿಯ ಹೆಸರಿನಿಂದ ಕರೆದರೆ ಕೆಲವೊಮ್ಮೆ ಓಗೊಡವು.

ವಿನ್ಯಾಸದ ಕಡತಗಳ ನೆಲೆಯೂ ಭಿನ್ನ. ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ ಚುಕ್ಕಿಯಿಂದ ಆರಂಭವಾಗುವ ವಿಮ್‌ಆರ್‌ಸಿ ಕಡತವೂ ವಿಮ್ ಎಂಬ ಫೋಲ್ಡರೂ ರೂಢಿಯಾಗಿದ್ದರೆ, ವಿಂಡೋಸಿನಲ್ಲಿ ಅಡಿಗೆರೆಯಿಂದ ಆರಂಭವಾಗುವ ವಿಮ್‌ಆರ್‌ಸಿಯೂ ವಿಮ್‌ಫೈಲ್ಸ್ ಎಂಬ ಫೋಲ್ಡರೂ ಆ ಸ್ಥಾನದಲ್ಲಿವೆ. ಮೂರು ಕಡತಗಳನ್ನು ಬೇರೆಬೇರೆಯಾಗಿ ಸಾಕುವುದಕ್ಕಿಂತ, ಸಾಮಾನ್ಯ ನಿಯಮಗಳನ್ನೆಲ್ಲ ಒಂದೆಡೆ ಬರೆದು, ವ್ಯವಸ್ಥೆಗೆ ಕಟ್ಟುಬಿದ್ದ ಪಾತ್ ಮೊದಲಾದುವನ್ನು ಮಾತ್ರ ವ್ಯವಸ್ಥೆ ಯಾವುದೆಂದು ಪರೀಕ್ಷಿಸುವ 'ಹ್ಯಾಸ್' ಎಂಬ ಫಂಕ್ಷನ್ನಿನ ನೆರವಿನಿಂದ ವಿಂಗಡಿಸುವುದು ಶ್ರೇಯಸ್ಕರ. ವಿಂಡೋಸಿನಲ್ಲಿ ಉಳಿಸಿದ ಕಡತವನ್ನು ಲಿನಕ್ಸಿಗೆ ಒಯ್ದಾಗ ಸಾಲಿನ ಕೊನೆಯ ಅದೃಶ್ಯ ಚಿಹ್ನೆಯೇ ದೋಷವೆಂದು ವರದಿಯಾಗುವುದರಿಂದ, ಯುನಿಕ್ಸ್ ಕ್ರಮದ ಸಾಲಂತ್ಯವನ್ನೇ ಎಲ್ಲೆಡೆ ಇಟ್ಟುಕೊಳ್ಳತಕ್ಕದ್ದು.

ಕೀಲಿಗಳ ಆಯ್ಕೆಯಲ್ಲಿ ಇನ್ನೂ ಹೆಚ್ಚಿನ ಜಾಗರೂಕತೆ ಬೇಕು. ಪೂರಣಕ್ಕೆ ಇತರ ಸಂಪಾದಕಗಳಲ್ಲಿ ರೂಢವಾಗಿರುವ ಕಂಟ್ರೋಲ್-ಸ್ಪೇಸ್, ಮ್ಯಾಕಿನಲ್ಲಿ ಕೀಲಿಮಣೆಯ ಭಾಷೆಯನ್ನು ಬದಲಿಸಲು ಮೀಸಲಾಗಿರುವುದರಿಂದ, ಕನ್ನಡ ಇಂಗ್ಲಿಷುಗಳೆರಡನ್ನೂ ಟೈಪು ಮಾಡುವವರಿಗೆ ಅದು ಸಂಪಾದಕವನ್ನು ಮುಟ್ಟುವುದೇ ಇಲ್ಲ. ಅನೇಕ ಟರ್ಮಿನಲ್‌ಗಳಲ್ಲಿ ಅದೇ ಕೀಲಿ ಶೂನ್ಯಾಕ್ಷರವಾಗಿ ತಲಪಿ, ವಿಮ್ ಅದನ್ನು ಕಂಟ್ರೋಲ್-ಅಟ್ ಎಂದು ಗ್ರಹಿಸಿ, ಹಿಂದೆ ಬರೆದುದನ್ನೇ ಮತ್ತೊಮ್ಮೆ ಸೇರಿಸಿ, ಬರೆಯುವ ಸ್ಥಿತಿಯಿಂದ ಹೊರಬಂದುಬಿಡುತ್ತದೆ. ಕಂಟ್ರೋಲ್-ಎಕ್ಸ್, ಕಂಟ್ರೋಲ್-ಓ ಜೋಡಿಗೆ ಇಂಥ ಅಡ್ಡಿ ಮೂರು ವ್ಯವಸ್ಥೆಗಳಲ್ಲಿಯೂ ವಿರಳ. ಸರ್ವರಿನ ಉತ್ತರವನ್ನೂ ಓಮ್ನಿ ಪೂರಣದ ಮೂಲಕವೇ ಪಡೆಯುವಂತೆ ಹೊಂದಿಸಬಹುದಾದುದರಿಂದ, ಬೆರಳಿಗೆ ಬೇರೆ ಅಭ್ಯಾಸ ಬೇಕಿಲ್ಲ.