ಹಾಲುಹಲ್ಲಿನ ಉಪೇಕ್ಷೆ: ಪ್ರಶ್ನಾವಳಿಯ ರೂಪಾಂತರ

ಮಗುವಿನ ಬಾಯಲ್ಲಿ ಹುಳುಕು ಹಲ್ಲುಗಳಿವೆ ಎಂಬ ಒಂದೇ ಕಾರಣಕ್ಕೆ ತಂದೆತಾಯಿಗಳು ಉಪೇಕ್ಷೆ ಮಾಡಿದ್ದಾರೆಂದು ಹೇಳಲಾಗದು. ನೋವು ಮತ್ತು ಸೋಂಕಿನಿಂದ ಮಗುವನ್ನು ಮುಕ್ತವಾಗಿಡಲು ಅಗತ್ಯವಾದ ಚಿಕಿತ್ಸೆಯನ್ನು ಪೋಷಕರು ಉದ್ದೇಶಪೂರ್ವಕವಾಗಿ ಕೊಡಿಸದಿರುವುದೇ ದಂತ ಉಪೇಕ್ಷೆ ಎಂಬುದು ಅಮೆರಿಕದ ಮಕ್ಕಳ ದಂತವೈದ್ಯ ಅಕಾಡೆಮಿಯ ವ್ಯಾಖ್ಯೆ. ಬ್ರಿಟನ್ನಿನ ಮಕ್ಕಳ ದಂತವೈದ್ಯ ಸಂಘವು 2009ರಲ್ಲಿ ಪ್ರಕಟಿಸಿದ ವ್ಯಾಖ್ಯೆಯಲ್ಲಿ ಉದ್ದೇಶದ ಮಾತಿಲ್ಲ. ಮಗುವಿನ ಮೂಲಭೂತ ದಂತಾರೋಗ್ಯದ ಅಗತ್ಯಗಳನ್ನು ಪೂರೈಸುವಲ್ಲಿ ಸತತ ವೈಫಲ್ಯವಿದ್ದು, ಅದರಿಂದ ಮಗುವಿಗೆ ತೀವ್ರ ಹಾನಿಯ ಸಂಭವವಿದ್ದರೆ ಸಾಕು. ಬಸ್ ಚಾರ್ಜಿಗೂ ಪರದಾಡುವ ತಾಯಿ ಯಾವ ಸಾಲಿಗೆ ಸೇರುತ್ತಾಳೆ ಎಂಬುದು ಈ ಎರಡರಲ್ಲಿ ಯಾವುದನ್ನು ಒಪ್ಪುತ್ತೇವೆ ಎಂಬುದರ ಮೇಲೆ ನಿಂತಿದೆ.

ಉಪೇಕ್ಷೆಯನ್ನು ಅಂಕಗಳಲ್ಲಿ ಅಳೆಯುವ ಮಾಪಕವೊಂದನ್ನು ಥಾಮ್ಸನ್, ಸ್ಪೆನ್ಸರ್ ಮತ್ತು ಗಾಫ್‌ವಿನ್ ದಕ್ಷಿಣ ಆಸ್ಟ್ರೇಲಿಯಾದ ಮಕ್ಕಳಲ್ಲಿ ಪರೀಕ್ಷಿಸಿ 1996ರಲ್ಲಿ ವರದಿ ಮಾಡಿದರು. ಮುಂದೆ 2000ದಲ್ಲಿ ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ 26 ವರ್ಷದವರ ಮೇಲೂ ಅದರ ಪ್ರಯೋಗ ನಡೆಯಿತು. ಕೆಲವೇ ಹೇಳಿಕೆಗಳು; ಪ್ರತಿಯೊಂದಕ್ಕೂ ಒಪ್ಪಿಗೆಯ ಮಟ್ಟವನ್ನು ಗುರುತಿಸಬೇಕು.

ಇಂತಹ ಮಾಪಕವನ್ನು ಎಳೆಯ ಮಕ್ಕಳಿಗೆ ಒಗ್ಗಿಸುವಾಗ ಬರೀ ಭಾಷಾಂತರ ಸಾಲದು. ಮಗು ಚೆನ್ನಾಗಿ ಹಲ್ಲುಜ್ಜುತ್ತದೆಯೇ ಎಂಬ ಪ್ರಶ್ನೆ ಹತ್ತು ವರ್ಷದವನಿಗೆ ಸರಿ. ಎರಡು ವರ್ಷದ ಕೂಸಿಗೆ ಹಲ್ಲುಜ್ಜಬೇಕಾದವರು ದೊಡ್ಡವರೇ. ಕುರುಕಲು ತಿಂಡಿಯ ಬಗ್ಗೆ ಕೇಳಿದರೆ, ರಾತ್ರಿ ಬಾಯಲ್ಲಿ ಬಾಟಲಿ ಇಟ್ಟುಕೊಂಡೇ ಮಲಗುವ ಮಗುವಿನ ವಿಷಯ ತಪ್ಪಿಹೋಗುತ್ತದೆ. "ಹೇಗೂ ಬಿದ್ದುಹೋಗುವ ಹಲ್ಲು" ಎಂಬ ನಂಬಿಕೆಯನ್ನೂ ಹೊಸ ಪ್ರಶ್ನಾವಳಿ ಮುಟ್ಟಬೇಕು. ಇಪ್ಪತ್ತು ಹಾಲುಹಲ್ಲುಗಳಲ್ಲಿ ಕೊನೆಯ ದವಡೆಹಲ್ಲುಗಳು ಉದುರುವುದು ಹತ್ತು-ಹನ್ನೆರಡನೆಯ ವಯಸ್ಸಿನಲ್ಲಿ ಎಂಬುದು ಅನೇಕರಿಗೆ ತಿಳಿಯದು.

ಇಬ್ಬರು ಪ್ರತ್ಯೇಕವಾಗಿ ಅನುವಾದಿಸುವುದು, ಮೂಲವನ್ನು ಕಾಣದ ಮತ್ತೊಬ್ಬರು ಅದನ್ನು ಹಿಂದಕ್ಕೆ ಅನುವಾದಿಸುವುದು, ತಜ್ಞರ ಪರಿಶೀಲನೆ - ಇವು ವಾಡಿಕೆಯ ಹಂತಗಳು. ಆದರೆ ನಿಜವಾದ ಪರೀಕ್ಷೆ ನಡೆಯುವುದು ಕೆಲವೇ ತಾಯಂದಿರ ಮುಂದೆ ಕುಳಿತು, ಪ್ರಶ್ನೆಯನ್ನು ಅವರು ಹೇಗೆ ಅರ್ಥಮಾಡಿಕೊಂಡರು ಎಂದು ವಿಚಾರಿಸುವಾಗ. "ಚಿಕಿತ್ಸೆ ಬೇಕಿದ್ದರೂ ಮುಂದೂಡುತ್ತೇನೆ" ಎಂಬ ಧಾಟಿಯ ವಾಕ್ಯ ಕನ್ನಡದಲ್ಲಿ ತಪ್ಪೊಪ್ಪಿಗೆಯಂತೆ ಕೇಳಿಸುತ್ತದೆ, ಇಲ್ಲವೆನ್ನುವುದೇ ಸುಲಭ. "ಮುಂದೂಡಬೇಕಾಗಿ ಬರುತ್ತದೆ" ಎಂದರೆ ಉತ್ತರ ಸಡಿಲವಾಗಬಹುದು, ಆದರೆ ಆಗ ಅಳೆಯುತ್ತಿರುವುದೇ ಬೇರೆಯಾಗುತ್ತದೆ.

ಬಳಿಕ ಅಂಕಿಅಂಶದ ಸರದಿ. ಪ್ರಶ್ನೆಗಳ ಆಂತರಿಕ ಹೊಂದಾಣಿಕೆಗೆ ಕ್ರೊನ್‌ಬಾಕ್ ಆಲ್ಫಾ 0.7 ಇರಬೇಕೆಂಬುದು ರೂಢಿ. ಪ್ರಶ್ನೆಗಳು ಹೆಚ್ಚಿದಷ್ಟೂ ಆಲ್ಫಾ ಏರುವುದರಿಂದ, ಅದಕ್ಕಾಗಿಯೇ ಪ್ರಶ್ನೆ ತುಂಬುವ ಚಪಲ ಒಳ್ಳೆಯದಲ್ಲ. ಎರಡು ವಾರಗಳ ನಂತರ ಅದೇ ಪೋಷಕರನ್ನು ಮತ್ತೆ ಕೇಳಬೇಕು. ಅಂಕಗಳನ್ನು ಮಗುವಿನ ಹುಳುಕು, ಕಿತ್ತ ಮತ್ತು ತುಂಬಿಸಿದ ಹಲ್ಲುಗಳ ಎಣಿಕೆಯೊಡನೆ ಹೋಲಿಸಬೇಕು.

ಉತ್ತರಿಸುವವರು ಯಾರು ಎಂಬುದನ್ನೂ ನಮೂದಿಸುವುದು ಅಗತ್ಯ. ತಾಯಿ ಕೆಲಸಕ್ಕೆ ಹೋಗುವ ಮನೆಯಲ್ಲಿ ಮಗುವಿಗೆ ಉಣಿಸಿ, ಬಾಯಿ ತೊಳೆಸುವುದು ಅಜ್ಜಿ. ಫಾರಂ ತುಂಬುವುದು ಮಾತ್ರ ತಾಯಿ.